ಕೇಳುವವರ ಪಟ್ಟಿಯಲ್ಲಿ ನಿನ್ನ ಹೆಸರು

ನನ್ನ ಪಕ್ಕದ ಕುರ್ಚಿಯ ಗೆಳತಿ ವನಜಾಳಿಗೆ,

ಹೇಗಿದ್ದೀಯಾ ಎಂದು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆಯುತ್ತಿದ್ದೇನೆ. ಬೇರೆ ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ನಾನಂತೂ ನೀನು ಬಿಟ್ಟುಹೋದಾಗ ಹೇಗಿದ್ದೆನೋ ಹಾಗೇ ಇದ್ದೇನೆ, ಅದೇ ಪುಕ್ಕಲಿ. ಫೋನು ಗುಂಯ್ ಅಂದರೆ ಎದೆ ಧಸಕ್ಕೆನ್ನುತ್ತದೆ. ಗುಂಯ್ ಅನ್ನದಿದ್ದರೆ, ಇದೇನು ಸುಮ್ಮನಿದೆಯಲ್ಲ ಎಂದು ಇನ್ನೂ ಜಾಸ್ತಿ ಧಸಕ್ಕೆನ್ನುತ್ತದೆ. ನೀನಿದ್ದಿದ್ದರೆ "ಹೋಗಿ ಬಿಪಿ ನೋಡಿಸ್ಕೊಳ್ಳೇ" ಅನ್ನುತ್ತಿದ್ದೆ. ನಿನಗೊಂದು ಸುದ್ದಿ ಹೇಳಬೇಕು. ಆಯುಧಪೂಜೆಯ ದಿನ ಏನಾಯಿತು, ಆಮೇಲೆ ನಿನ್ನ ಹೆಸರನ್ನು ನಾನು ಏನು ಮಾಡಿದೆ ಅನ್ನುವುದು. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ. ತಿಳಿಯುವ ಹಾಗಿದ್ದರೆ...

ನೀನು ಮೊದಲ ದಿನ ಆಫೀಸಿಗೆ ಬಂದದ್ದು ನೆನಪಿದೆಯಾ? ಬೊಮ್ಮಸಂದ್ರದಲ್ಲಿ ಸ್ಪ್ರಿಂಗ್ ಮಾಡುವ ಶೆಡ್ಡಿನ ಮೇಲಿನ ಮಹಡಿ. ಕೆಳಗೆ ಪ್ರೆಸ್ಸು ಬಡಿದಾಗಲೆಲ್ಲ ನಮ್ಮ ಟೇಬಲ್ಲಿನ ಟೀ ಲೋಟ ಅಲ್ಲಾಡುತ್ತಿತ್ತು. "ಇಲ್ಲಿ ಸಾಫ್ಟ್‌ವೇರ್ ಮಾಡ್ತೀರಾ, ಭೂಕಂಪ ಮಾಡ್ತೀರಾ ಸಾರ್?" ಎಂದು ನೇರ ಪ್ರಭಾಕರ್ ಸಾರನ್ನೇ ಕೇಳಿದ್ದೆ. ಕಂಪನಿಯ ಯಜಮಾನರಾದ ಅವರು ನಗುವುದೇ ಅಪರೂಪ, ಅವತ್ತು ನಕ್ಕುಬಿಟ್ಟರು. ನನ್ನ ಮನೆ ಅತ್ತಿಬೆಲೆ ದಾರಿಯಲ್ಲಿ, ಸ್ಕೂಟರಿನಲ್ಲಿ ಹತ್ತಿರವೇ. ಆದರೂ ದಿನಾ ತಡವಾಗಿ ಬರುವವಳು ನಾನು. ನೀನು ಟಿ. ದಾಸರಹಳ್ಳಿಯಿಂದ, ಬೆಂಗಳೂರಿನ ಆ ತುದಿಯಿಂದ ಈ ತುದಿಗೆ ಬಸ್ಸು ಬದಲಾಯಿಸಿಕೊಂಡು ನನಗಿಂತ ಮೊದಲೇ ಬಂದು ಕೂತಿರುತ್ತಿದ್ದೆ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲು ಮನೆ ಕಟ್ಟಿಸಿ ಶಿಫ್ಟ್ ಕೆಲಸದವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಅದರಲ್ಲೊಂದಕ್ಕೆ ಬಂದುಬಿಡು ಎಂದು ಎಷ್ಟು ಸಲ ಕರೆದಿಲ್ಲ? "ಅಮ್ಮ ಗಾರ್ಮೆಂಟ್ಸ್ ಬಿಡಲ್ಲ, ನಾನು ಅಮ್ಮನ್ನ ಬಿಡಲ್ಲ. ನೀನು ಬೇರೆ ಬಾಡಿಗೆದಾರ್ರನ್ನ ನೋಡ್ಕೋ ಯಜಮಾನಿ" ಅಂದಿದ್ದೆ.

ಔಷಧಿ ಫ್ಯಾಕ್ಟರಿಯೊಂದಕ್ಕೆ ಪ್ರೋಗ್ರಾಮು ಬರೆದುಕೊಡುವ ಕೆಲಸ ನಮಗೆ ಸಿಕ್ಕಿದ ವಾರ ನೀನು ಬಿಳಿ ಬೋರ್ಡಿನ ತುಂಬ ಬರೀ ಬಾಣಗಳನ್ನೇ ಬರೆದೆ. ಬಾಯ್ಲರು, ಡ್ರೈಯರು, ಕೋಲ್ಡ್ ರೂಮಿನ ಬಾಗಿಲು, ಒಂದೊಂದನ್ನೂ ಕಾಯುವುದಕ್ಕೆ ಪ್ರೋಗ್ರಾಮಿನಲ್ಲಿ ಒಂದೊಂದು ಭಾಗ. ಏನಾದರೂ ಏರುಪೇರಾದರೆ ಸಂಬಂಧಪಟ್ಟವರ ಮೊಬೈಲಿಗೆ ಮೆಸೇಜು ಹೋಗಬೇಕು. ಬಾಗಿಲು ಕಾಯುವ ಭಾಗದೊಳಗೇ ಎಲ್ಲರ ನಂಬರು ಬರೆದುಬಿಟ್ಟರೆ ಆಯಿತಲ್ಲ ಎಂದೆ ನಾನು. ಮಾರ್ಕರಿನ ಮುಚ್ಚಳ ಕಚ್ಚಿಕೊಂಡು ನೀನು ನನ್ನನ್ನು ನೋಡಿದ ರೀತಿ! "ಬಾಗಿಲಿಗೆ ಯಾಕೇ ಊರ ಉಸಾಬರಿ? ನಾನು ತೆರ್ಕೊಂಡಿದೀನಿ ಅಂತ ಅದು ಕೂಗಲಿ, ಅಷ್ಟೇ. ಯಾರು ಕೇಳ್ತಾರೆ, ಎಷ್ಟು ಜನ ಕೇಳ್ತಾರೆ ಅನ್ನೋದು ಅದಕ್ಕೆ ಗೊತ್ತಿರಬಾರದು. ಕೇಳಬೇಕು ಅನ್ನೋರು ಬಂದು ಪಟ್ಟೀಲಿ ಹೆಸರು ಬರೆಸ್ಲಿ. ಸಾಕು ಅಂದ್ರೆ ತೆಗೆಸ್ಕೊಂಡು ಹೋಗ್ಲಿ." ಸಿಗ್ನಲ್ಲು, ಸಬ್‌ಸ್ಕ್ರಿಪ್ಷನ್ನು ಎಂದು ಪುಸ್ತಕದಲ್ಲಿ ಪುಟಗಟ್ಟಲೆ ಓದಿದರೂ ನನ್ನ ತಲೆಗೆ ಹತ್ತದ್ದು ಆ ಒಂದು ಮಾತಿಗೆ ಹತ್ತಿತು. ಆದರೆ ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಅರ್ಥವಾದ ಕೂಡಲೇ ಹೆದರಿಕೆ ಶುರು. ಅದು ಕೂಗುತ್ತಲೇ ಇದ್ದು, ಯಾರೂ ಹೆಸರೇ ಬರೆಸದಿದ್ದರೆ? "ಆಗ ಏನೂ ಆಗಲ್ಲ. ತಪ್ಪಾಯ್ತು ಅಂತಲೂ ಎಲ್ಲೂ ತೋರ್ಸಲ್ಲ. ಇದ್ರಲ್ಲಿರೋ ಕಷ್ಟ ಅದೇ ನೋಡು" ಅಂದು ನೀನು ಬೋರ್ಡು ಒರೆಸಿ ಊಟಕ್ಕೆ ಎದ್ದೆ.

ಫ್ಯಾಕ್ಟರಿಯ ಸ್ಟೋರ್ಸ್ ಮ್ಯಾನೇಜರು ಕೆಲಸ ಬಿಟ್ಟ ದಿನ ಅವರ ಹೆಸರನ್ನು ಪಟ್ಟಿಯಿಂದ ತೆಗೆದವಳು ನಾನೇ. ನನ್ನ ಅದೃಷ್ಟಕ್ಕೆ ಅದೇ ಗಳಿಗೆಯಲ್ಲಿ ಒಂದು ಮೆಸೇಜು ಪಟ್ಟಿಯ ಉದ್ದಕ್ಕೂ ಒಬ್ಬೊಬ್ಬರಿಗೇ ಹೋಗುತ್ತಿತ್ತು. ಅವರ ಮುಂದಿನ ಹೆಸರಿನವರಿಗೆ ಅದು ತಲುಪಲೇ ಇಲ್ಲ. ಯಾಕೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ನೀನು ಡಬ್ಬಿಯ ಮುಚ್ಚಳ ತೆಗೆಯುತ್ತಾ ವಿವರಿಸಿದೆ. ಮದುವೆ ಮನೆಯಲ್ಲಿ ಸಾಲಾಗಿ ಬಡಿಸುತ್ತಾ ಹೋಗುವಾಗ ಆಗಷ್ಟೇ ಬಡಿಸಿಕೊಂಡ ಒಬ್ಬರು ಎದ್ದು, ಆಚೆಯವರೆಲ್ಲ ಒಂದೊಂದು ಎಲೆ ಈಚೆಗೆ ಸರಿದರೆ, ಪಲ್ಯದವನು ಮುಂದಿನ ಎಲೆಗೆ ಹೋಗುವಷ್ಟರಲ್ಲಿ ಒಬ್ಬರಿಗೆ ಪಲ್ಯ ತಪ್ಪಿರುತ್ತದೆ. "ಅದಕ್ಕೇ ಬಡಿಸೋಕೆ ಮುಂಚೆ ಯಾರ್ಯಾರು ಕೂತಿದಾರೆ ಅಂತ ಒಂದು ನಕಲು ಮಾಡ್ಕೋಬೇಕು, ನಕಲು ನೋಡ್ಕೊಂಡು ಬಡಿಸ್ಬೇಕು." ಊಟ ಮುಗಿಯುವ ಹೊತ್ತಿಗೆ ಅದನ್ನು ಸರಿ ಮಾಡಿಯೂ ಆಗಿತ್ತು. ನನಗೆ ಮಾತ್ರ ಅಂದಿನಿಂದ ಆ ಪಟ್ಟಿಯಿಂದ ಯಾರ ಹೆಸರನ್ನಾದರೂ ತೆಗೆಯಬೇಕೆಂದರೆ ಕೈ ಬೆವರುತ್ತದೆ.

ನಾವಿಬ್ಬರೂ ಜೋರಾಗಿ ಜಗಳವಾಡಿದ್ದು ಒಂದೇ ಸಲ, ಕೋಲ್ಡ್ ರೂಮಿನ ಒಳಗಿನ ಕೆಂಪು ಬಟನ್ನಿನ ವಿಷಯಕ್ಕೆ. ಒಳಗೆ ಮನುಷ್ಯ ಸಿಕ್ಕಿಬಿದ್ದರೆ ಒತ್ತುವ ಬಟನ್ನು ಅದು. ಉಳಿದ ಮೆಸೇಜುಗಳೆಲ್ಲ ಒಂದು ಸಲ ಹೋಗಿ ಸುಮ್ಮನಾಗುತ್ತವೆ, ಇದು ಮಾತ್ರ ಯಾರಾದರೂ ಓಕೆ ಎಂದು ಉತ್ತರ ಕಳಿಸುವವರೆಗೆ ಹೋಗುತ್ತಲೇ ಇರಬೇಕು ಎಂದೆ ನೀನು. ಪ್ರಭಾಕರ್ ಸಾರ್ ಒಪ್ಪಲಿಲ್ಲ, ಗಿರಾಕಿಗೆ ರೇಗುತ್ತದೆ ಅಂದರು. ನಾನೂ ಅವರ ಕಡೆಗೇ ಸೇರಿಕೊಂಡೆ, ನನ್ನ ಫೋನು ಬಡಿದುಕೊಳ್ಳುವುದು ನೆನೆಸಿಕೊಂಡು. "ಕೂಗಿದ ತಕ್ಷಣ ಕೇಳಿಸ್ತು ಅಂತ ಅಲ್ಲ ಸಾರ್. ಹೂಂ ಅನ್ನೋಕೆ ಒಬ್ರಾದ್ರೂ ಬೇಕು" ಎಂದು ನೀನು ಹಟ ಹಿಡಿದು ಗೆದ್ದೆ. ಕೋಲ್ಡ್ ರೂಮ್ ನೋಡಿಕೊಳ್ಳುವ ಮುನಿರಾಜುವನ್ನು ಒಳಗೆ ಕಳಿಸಿ, ಬಾಗಿಲು ಹಾಕಿ, ಬಟನ್ ಒತ್ತಿಸಿ ಪರೀಕ್ಷೆ ಮಾಡಿದ್ದೂ ನೀನೇ. ದಪ್ಪ ಜಾಕೆಟ್ಟಿನೊಳಗಿಂದ ಅವನು "ಏನ್ ಮೇಡಂ, ಯಾವಾಗ್ಲೂ ನನ್ನೇ ಒಳಗಾಕ್ತೀರಲ್ಲ" ಎಂದು ಗೊಣಗಿದ್ದು ಇನ್ನೂ ಕಿವಿಯಲ್ಲಿದೆ.

ಆಷಾಢದಲ್ಲಿ ನಿನಗೆ ಜ್ವರ ಬಂದಾಗ ನಾನು ನಮ್ಮ ಹಿತ್ತಲಿನ ಪಪ್ಪಾಯಿ ಎಲೆ ಅರೆದು, ರಸವನ್ನು ಬಾಟಲಿಯಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಬಂದೆ. ಡೆಂಗಿಗೆ ಒಳ್ಳೆಯದು ಅಂತ ನಮ್ಮಜ್ಜಿ ಹೇಳಿದ್ದರು. ಒಂದು ಗುಟುಕಿಗೆ ನೀನು ಮುಖ ಕಿವುಚಿ "ನನ್ನ ಸಾಯ್ಸೋಕೆ ಬಂದ್ಯಾ" ಅಂದೆ. ನಾನು ನಕ್ಕೆ. ಹೇಗೆ ನಕ್ಕೆ ಹೇಳು? ದಿಂಬಿನ ಕೆಳಗೆ ನಿನ್ನ ಫೋನು ಗುಂಯ್ ಅಂದಿತು, ಕಣ್ಣು ಬಿಡಲಾಗದೆ ನನ್ನ ಕೈಗೆ ಕೊಟ್ಟೆ. ಡ್ರೈಯರಿನ ಬಿಸಿ ಹೆಚ್ಚಾಗಿದೆ ಎಂಬ ಮೆಸೇಜು, ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರೂ ಇತ್ತಲ್ಲ. ನಾಳೆ ಬರುತ್ತೇನೆ, ಮನೆಯವರಿಗೆ ಹೇಳಿ ಇಲ್ಲೇ ಉಳಿಯುತ್ತೇನೆ ಅಂದು ಹೋದೆ. ಆ ನಾಳೆಗೆ ನಾನು ಬಂದಾಗ ನಿನ್ನಮ್ಮ ಕಾರಿಡಾರಿನಲ್ಲಿ ನೆಲದ ಮೇಲೆ ಕೂತಿದ್ದರು, ಚಪ್ಪಲಿ ಒಂದು ಕಡೆ, ಅವರು ಒಂದು ಕಡೆ...

ನಿನ್ನ ಕಾರ್ಯ ಮುಗಿದು ನಾನು ಕೆಲಸಕ್ಕೆ ಮರಳಿದ ವಾರವೇ ನಿನ್ನ ನಂಬರಿನಿಂದ ಫೋನು ಬಂತು. ಪರದೆಯ ಮೇಲೆ ನಿನ್ನ ಹೆಸರು ಕಂಡಾಗ ನನಗೇನಾಯಿತು ಎಂದು ಬರೆಯಲಾರೆ. ಎತ್ತಿದರೆ ನಿನ್ನಮ್ಮ. "ರೇಣು, ವನಜನ್ ಫೋನಿಗೆ ಮೆಸೇಜ್ ಬಂದೈತೆ ಕಣಮ್ಮ. ಯಾರಾದ್ರೂ ನೋಡಿದ್ರಾ?" ಎಂದು ಕೇಳಿದರು. ನೋಡಿದ್ದಾರೆ ಅಮ್ಮ, ನೀವು ಅದನ್ನು ಆರಿಸಿ ಇಟ್ಟುಬಿಡಿ ಎಂದೆ. ಅವರು ಆರಿಸಲಿಲ್ಲ. ಬಾಯ್ಲರಿಗೊಂದು, ಬಾಗಿಲಿಗೊಂದು, ಬಂದ ಪ್ರತಿ ಮೆಸೇಜಿಗೂ ಫೋನು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಏನು ಬಂದಿದೆ ಎಂದೂ ಗೊತ್ತಿಲ್ಲ, ಬಂದಿದೆ ಎನ್ನುವುದಷ್ಟೇ ಗೊತ್ತು. ಒಮ್ಮೆ ತಡೆಯಲಾರದೆ ಯಾಕಮ್ಮ ಇಷ್ಟೊಂದು ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಕೇಳಿದೆ. "ಅವ್ಳು ಉಣ್ಣೋ ತಟ್ಟೆ ಮುಂದ್ಲಿಂದ ಎದ್ದು ನೋಡೋಳು. ನಾನು ಕಂಡೂ ಸುಮ್ಕಿದ್ರೆ ಎಂಗೆ?" ಅಂದರು.

ಗಣೇಶ ಹಬ್ಬ ಕಳೆದ ಮೇಲೆ ಪ್ರಭಾಕರ್ ಸಾರ್ ನನ್ನನ್ನು ಕರೆದರು. "ರೇಣುಕಾ, ವನಜಾ ನಂಬರ್ ಪಟ್ಟಿಯಿಂದ ತೆಗೆದುಬಿಡಮ್ಮ. ಆ ತಾಯಿಗೆ ಯಾಕೆ ದಿನಾ ಕಾಟ?" ಅವರು ಹೇಳಿದ್ದು ನ್ಯಾಯವೇ. ಹೂಂ ಸಾರ್ ಎಂದು ಬಂದು ಕೂತೆ. ಪಟ್ಟಿ ತೆರೆದೆ, ನಿನ್ನ ಹೆಸರಿನ ಸಾಲಿನ ಮೇಲೆ ಮೌಸ್ ತಂದೆ. ಯಾವುದಾದರೂ ಮೆಸೇಜು ಹೋಗುತ್ತಿದ್ದರೆ ಯಾರಿಗಾದರೂ ತಪ್ಪೀತು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅದನ್ನು ನೀನು ಎಂದೋ ಸರಿಮಾಡಿದ್ದೀಯ ಎಂದು ನನಗೆ ಗೊತ್ತಿರಲಿಲ್ಲವೇ? ನಾಳೆ ಮಾಡೋಣ ಅಂದುಕೊಂಡೆ. ತೆಗೆದರೆ ಅಮ್ಮನ ಫೋನು ನಿಲ್ಲುತ್ತದೆ. ಆ ಫೋನು ಸುಮ್ಮನೆ ಬಿದ್ದಿರುವ ಮನೆಯಲ್ಲಿ ಅವರು ಒಬ್ಬರೇ... ತೆಗೆಯದಿದ್ದರೆ ಗುಂಯ್ ಅಂದಾಗಲೆಲ್ಲ ಅವರ ಗಾಯ ಕೆದಕಿದ ಹಾಗೆ. ಯಾವುದು ಸರಿ ಎಂದು ಕೇಳೋಣವೆಂದರೆ ಪಕ್ಕದ ಕುರ್ಚಿ ಖಾಲಿ. ಸಾರ್ ಎರಡು ಸಲ ಜ್ಞಾಪಿಸಿದರು, ಎರಡು ಸಲವೂ ಆಯ್ತು ಸಾರ್ ಅಂದೆ.

ಆಯುಧಪೂಜೆಯ ದಿನ ಏನು ನಡೆಯುತ್ತದೆ ಎಂದು ನಿನಗೆ ನಾನು ಹೇಳಬೇಕೇ? ಫ್ಯಾಕ್ಟರಿಯಲ್ಲಿ ಒಂದೊಂದೇ ಮಿಷನ್ ಆರಿಸಿ, ತೊಳೆದು, ಕುಂಕುಮ ಇಡುತ್ತಾರೆ. ಒಂದೊಂದು ಆರಿದ ಹಾಗೆ ನಮ್ಮ ಪ್ರೋಗ್ರಾಮು ಬಾಯ್ಲರ್ ನಿಂತಿತು, ಡ್ರೈಯರ್ ನಿಂತಿತು ಎಂದು ಒರಲಲು ಶುರು ಮಾಡುತ್ತದೆ. ಅದಕ್ಕೇ ಅವತ್ತು ಬೆಳಗ್ಗೆಯೇ ಎಲೆಕ್ಟ್ರಿಷಿಯನ್ ಫ್ಯಾಕ್ಟರಿಯೊಳಗೆ ಸೈರನ್ನಿನಂತೆ ಕೂಗುವ ಹೂಟರಿನ ವೈರು ಬಿಚ್ಚುತ್ತಾನೆ, ಪಟ್ಟಿಯಲ್ಲಿರುವವರೆಲ್ಲ ಮೊಬೈಲ್ ಸೈಲೆಂಟಿಗೆ ಹಾಕಿಕೊಳ್ಳುತ್ತಾರೆ. ಪ್ರತಿ ವರ್ಷದ ಪದ್ಧತಿ. ನೀನೂ ಹಾಕುತ್ತಿದ್ದೆ, ನಾನೂ ಹಾಕಿದ್ದೆ. ಔಷಧಿ ಕೆಡಬಾರದಲ್ಲ, ಕೋಲ್ಡ್ ರೂಮ್ ಒಂದನ್ನು ಮಾತ್ರ ಯಾರೂ ಆರಿಸುವುದಿಲ್ಲ. ನಮ್ಮ ಮನೆಯ ಅಂಗಳದಲ್ಲಿ ಟ್ರ್ಯಾಕ್ಟರಿಗೆ ಹೂವು ಸುತ್ತಿ, ನನ್ನ ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದೆ. ಸ್ಟೂಲಿನ ಮೇಲಿಟ್ಟಿದ್ದ ಫೋನಿನ ಬೆಳಕು ಹತ್ತಿತು. ನಿನ್ನ ಹೆಸರು. ಇವತ್ತು ಬರುವುದೆಲ್ಲ ಬರೀ ಹುಸಿ ಎಂದು ಅಮ್ಮನಿಗೆ ಹೇಗೆ ತಿಳಿಸಿ ಹೇಳಲಿ ಎಂದುಕೊಂಡು, ಎತ್ತಲೋ ಬೇಡವೋ ಎಂದು ನೋಡುತ್ತಾ ನಿಂತೆ. ಎತ್ತಿದೆ ಕಣೇ. ಎತ್ತದೆಯೂ ಇರಬಹುದಿತ್ತು.

"ಅಬ್ಬದ್ ದಿನ ಸುಮ್ಸುಮ್ಕೆ ಬರ್ತವೆ ಅಂತ ಗೊತ್ತಮ್ಮ, ಓದ್ ವರ್ಸ ವನಜ ಯೋಳಿದ್ಲು" ಎಂದು ನಿನ್ನಮ್ಮನೇ ಶುರು ಮಾಡಿದರು. "ಬೆಳಗ್ಗಿಂದ ಬಂದವು ಒಂದೊಂದು ಒಂದೊಂದ್ ತರ ಇದ್ವು. ಈಗ ಬರ್ತಿರೋದು ಒಂದೇ ಕಣಮ್ಮ. ಮುಂಚಿಂದ್ ನೋಡ್ದೆ, ಈಗಿಂದ್ ನೋಡ್ದೆ, ಎಲ್ಲಾ ಒಂದೇ ಅಚ್ಚು. ನಿಲ್ತಾನೇ ಇಲ್ಲ. ನಂಗ್ಯಾಕೋ ಭಯ ಆಯ್ತದೆ." ನಾನು ಫೋನನ್ನು ಕಿವಿಯಿಂದ ತೆಗೆದು ಮೆಸೇಜು ತೆರೆದೆ. ಬಾಯ್ಲರು, ಡ್ರೈಯರುಗಳ ಮೇಲೆ ಒಂದರ ಮೇಲೊಂದು ಅದೇ ಸಾಲು, ಕೋಲ್ಡ್ ರೂಮಿನ ಒಳಗೆ ಮನುಷ್ಯ. ನಾನು ನೋಡುತ್ತಿರುವಾಗಲೇ ಇನ್ನೊಂದು ಬಂತು. ಪಟ್ಟಿಯಲ್ಲಿ ಅಷ್ಟು ಜನ ಇದ್ದೇವೆ, ಒಬ್ಬರೂ ಓಕೆ ಕಳಿಸಿರಲಿಲ್ಲ. ಎಲ್ಲರ ಜೇಬಿನಲ್ಲೂ ಅದು ಸದ್ದಿಲ್ಲದೆ ಬಂದು ಬೀಳುತ್ತಿತ್ತು.

ಫ್ಯಾಕ್ಟರಿಯ ಗೇಟಿಗೆ ಫೋನು ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಪ್ರಭಾಕರ್ ಸಾರ್ ಎತ್ತಲಿಲ್ಲ. ಅಪ್ಪ "ಪೂಜೆ ಆಗ್ಲಿಲ್ವಲ್ಲೇ, ಗಾಡಿ ತೆಗೀಬೇಡ" ಎಂದು ಕೂಗುತ್ತಿದ್ದಂತೆ ಸ್ಕೂಟರು ಹತ್ತಿದೆ, ಚಕ್ರದ ಕೆಳಗಿನ ನಿಂಬೆಹಣ್ಣು ಪಚ್ಚೆಂದಿತು. ಹೆದ್ದಾರಿಯ ಪಕ್ಕ ಲಾರಿಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂತಿದ್ದವು. ರಸ್ತೆಯ ತುಂಬ ಒಡೆದ ಬೂದುಗುಂಬಳದ ಹೋಳು, ಕುಂಕುಮದ ನೀರು, ಚಕ್ರ ಜಾರುತ್ತಿತ್ತು. ಬಿದ್ದರೆ ಹೇಳುವವರು ಯಾರು, ಒಳಗಿರುವವನು ಒಳಗೇ ಉಳಿಯುತ್ತಾನಲ್ಲ ಎಂದು ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ. ಪೂಜೆ ಮುಗಿದು ಸಿಹಿ ಹಂಚಿದ ಮೇಲೆ ಎಲ್ಲರೂ ಮನೆಗೆ ಹೋಗಿ ಬೀಗ ಬೀಳುತ್ತದೆ. ಮತ್ತೆ ಬಾಗಿಲು ತೆಗೆಯುವುದು ವಿಜಯದಶಮಿ ಕಳೆದ ಮೇಲೆ. ಅಷ್ಟು ಹೊತ್ತು ಆ ಚಳಿಯಲ್ಲಿ ಮನುಷ್ಯ...

ಗೇಟಿನಲ್ಲಿ ತಮಟೆಯ ಸದ್ದಿಗೆ ನನ್ನ ಕೂಗು ಯಾರಿಗೂ ಕೇಳಲಿಲ್ಲ. ಕಾವಲುಗಾರ ಎಲೆಯಲ್ಲಿ ಪುಳಿಯೋಗರೆ ಹಿಡಿದುಕೊಂಡೇ ಅಡ್ಡ ಬಂದು "ಮೇಡಂ, ಚಪ್ಲಿ ಇಲ್ಲೇ ಬಿಡಿ, ಪೂಜೆ ನಡೀತೈತೆ" ಅಂದ. ಚಪ್ಪಲಿಯಲ್ಲೇ ಓಡಿದೆ. ಕೋಲ್ಡ್ ರೂಮಿನ ಬಾಗಿಲಿಗೆ ಎರಡೂ ಕಡೆ ಎಷ್ಟು ಚೆನ್ನಾಗಿ ಬಾಳೆಕಂದು ಕಟ್ಟಿದ್ದರು ಅಂತೀಯಾ! ಬೀಳದಿರಲಿ ಎಂದು ಪ್ಲಾಸ್ಟಿಕ್ ಹಗ್ಗವನ್ನು ಬಾಗಿಲಿನ ಹಿಡಿಯ ಸುತ್ತ ಸುತ್ತಿ, ಎಳೆದು, ಗಂಟು ಹಾಕಿದ್ದರು. ಒಳಗಿನಿಂದ ತಳ್ಳಿ ತೆಗೆಯುವ ಗುಬುಟು ಇದ್ದೇ ಇದೆ, ಆದರೆ ಹೊರಗೆ ಹಿಡಿಯನ್ನೇ ಬಿಗಿದರೆ ಅದೇನು ಮಾಡೀತು? ಕಟ್ಟಿದವರಿಗೆ ಒಳಗೆ ಯಾರಿದ್ದಾರೆ ಎಂದು ಗೊತ್ತಿರಲಿಲ್ಲ. ಕಟ್ಟಿ, ಚೆಂಡುಹೂವು ಇಳಿಬಿಟ್ಟು, ಬಾಯ್ಲರಿನ ಪೂಜೆಗೆ ಹೋಗಿದ್ದರು. ನಾನು ಗಂಟನ್ನು ಉಗುರಿನಿಂದ ಕಿತ್ತೆ, ಹಲ್ಲಿನಿಂದ ಕಚ್ಚಿದೆ. ಹಿಂದೆಯೇ ಬೈಯುತ್ತಾ ಬಂದ ಕಾವಲುಗಾರನಿಗೆ ಒಳಗಿನ ಬಡಿತ ಕೇಳಿಸಿತು. ಅವನ ಮುಖದ ಬಣ್ಣವೇ ಹೋಯಿತು. ನಿಂಬೆಹಣ್ಣು ಕೊಯ್ಯುವ ಚಾಕು ತಂದು ಹಗ್ಗ ಕತ್ತರಿಸಿದ.

ಮುನಿರಾಜು ಹಬ್ಬಕ್ಕೆಂದು ಬಿಳಿ ಪಂಚೆ ಉಟ್ಟಿದ್ದ, ಬರಿಗಾಲು. ಫ್ಯಾನಿಗೆ ಕುಂಕುಮ ಇಟ್ಟು ಬರುವುದೊಂದು ನಿಮಿಷದ ಕೆಲಸ, ಜಾಕೆಟ್ ಯಾಕೆ ಎಂದು ಹಾಗೇ ಒಳಗೆ ಹೋಗಿದ್ದನಂತೆ. ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ಕಾಲ ಕೆಳಗೆ ಹಾಕಿಕೊಂಡು, ಇನ್ನೊಂದನ್ನು ಎದೆಗೆ ಅವುಚಿಕೊಂಡು, ಗೋಡೆಗೆ ಒರಗಿ ನಿಂತಿದ್ದ. ಒಂದು ಕೈ ಇನ್ನೂ ಆ ಕೆಂಪು ಬಟನ್ನಿನ ಮೇಲೇ ಇತ್ತು. ಹೊರಗೆ ತಂದು, ಗೋಣಿಚೀಲ ಹೊದಿಸಿ, ಯಾರೋ ಕಾಲು ಉಜ್ಜಿ, ಯಾರೋ ಬಿಸಿ ಕಾಫಿ ಹಿಡಿದು, ಬಹಳ ಹೊತ್ತಿನ ಮೇಲೆ ಅವನ ತುಟಿ ಅಲ್ಲಾಡಿತು. "ಯಾರ್ಗ್ ಕೇಳಿಸ್ತು ಮೇಡಂ?" ಅಂದ. ನಾನು ಏನು ಹೇಳಲಿ? ಎಲ್ಲರಿಗೂ ಹೋಗಿತ್ತು, ಪ್ರೋಗ್ರಾಮಿನ ಲೆಕ್ಕದಲ್ಲಿ ಎಲ್ಲರಿಗೂ ಕೇಳಿಸಿತ್ತು, ನನಗೂ. "ವನಜಾ ಅವರ ಅಮ್ಮನಿಗೆ" ಅಂದೆ. ಅವನು ನನ್ನ ಮುಖವನ್ನೇ ನೋಡುತ್ತಾ ಅತ್ತುಬಿಟ್ಟ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಾಲ್ಬೆರಳಿಗೆ ಮಾತ್ರ ಸ್ವಲ್ಪ ಪೆಟ್ಟಾಗಿದೆ, ಸರಿಹೋಗುತ್ತದೆ ಎಂದು ಡಾಕ್ಟರು ಹೇಳುವವರೆಗೆ ಅಲ್ಲೇ ಕೂತಿದ್ದೆ.

ಮಾರನೆಯ ವಾರ ಪ್ರಭಾಕರ್ ಸಾರ್ ನನ್ನ ಟೇಬಲ್ಲಿನ ಹತ್ತಿರವೇ ಬಂದರು. "ನಾನು ತೆಗಿ ಅಂದಿದ್ದೆ, ನೀನು ತೆಗೀಲಿಲ್ಲ, ಒಳ್ಳೇದಾಯ್ತು. ಆ ನಂಬರ್ ಮುಟ್ಟಲೇಬೇಡ" ಅಂದರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನನಗೆ ಮಾತ್ರ ಇನ್ನೂ ಹೆದರಿಕೆ ಹೆಚ್ಚಾಯಿತು ಕಣೇ, ಯಾರಿಗೆ ಹೇಳಲಿ? ಅಮ್ಮ ಅವತ್ತು ದೇವಸ್ಥಾನಕ್ಕೆ ಹೋಗಿದ್ದರೆ? ಫೋನಿನ ಚಾರ್ಜ್ ಮುಗಿದಿದ್ದರೆ? ಅಷ್ಟು ದೊಡ್ಡ ಫ್ಯಾಕ್ಟರಿಯಲ್ಲಿ ಒಬ್ಬ ಮನುಷ್ಯನ ಜೀವ, ಮಗಳನ್ನು ಕಳೆದುಕೊಂಡ ಒಬ್ಬ ತಾಯಿಯ ಕಿವಿಯ ಮೇಲೆ ನಿಂತಿತ್ತಲ್ಲ! ಅದೃಷ್ಟ ಎಂದು ಸುಮ್ಮನಿರಲು ನನ್ನ ಕೈಲಾಗಲಿಲ್ಲ. ಪುಕ್ಕಲಿಯಾದ ನಾನೇ ನಿನ್ನ ಪ್ರೋಗ್ರಾಮಿಗೆ ಕೈ ಹಾಕಿದೆ. ಈಗ ಆ ಕೆಂಪು ಬಟನ್ನಿಗೆ ಬೇರೆಯೇ ಹೂಟರು, ಅದರ ವೈರು ಹಬ್ಬಕ್ಕೂ ಬಿಚ್ಚುವ ಹಾಗಿಲ್ಲ. ಮೆಸೇಜಿನ ಜೊತೆಗೆ ಒಬ್ಬರಾದ ಮೇಲೊಬ್ಬರಿಗೆ ಫೋನು ರಿಂಗಾಗುತ್ತದೆ. ಕಾವಲುಗಾರನ ಕೋಣೆಯಲ್ಲೂ ಒಂದು ಗಂಟೆ ಬಡಿಯುತ್ತದೆ. ಎಲ್ಲವನ್ನೂ ಮುನಿರಾಜುವೇ ನಿಂತು ಪರೀಕ್ಷೆ ಮಾಡಿಸಿದ, ಈ ಸಲ ಹೊರಗಡೆ ನಿಂತು.

ಅಷ್ಟಾದ ಮೇಲೆ ಮತ್ತೆ ಉಳಿದದ್ದು ನಿನ್ನ ಹೆಸರಿನ ಪ್ರಶ್ನೆಯೇ. ಪ್ರೋಗ್ರಾಮಿಗೆ ಈಗ ನಿನ್ನ ನಂಬರು ಬೇಕಾಗಿಲ್ಲ. ಬೇಕಾಗಿಲ್ಲ ಎಂದು ನಿನ್ನಮ್ಮನಿಗೆ ಹೇಳುವುದು ಹೇಗೆ? ಭಾನುವಾರ ದಾಸರಹಳ್ಳಿಗೆ ಹೋದೆ. ಮೆಟ್ರೋ ಕಂಬಗಳ ಧೂಳಿಗೆ ನಿಮ್ಮ ಬೀದಿಯ ಗಿಡಗಳೆಲ್ಲ ಬೂದಿ ಬಣ್ಣ. ಅಮ್ಮ ಬಾಗಿಲಲ್ಲೇ "ಆ ಮುನಿರಾಜ ಎಂಡ್ತಿ ಕರ್ಕೊಂಡ್ ಬಂದಿದ್ದ ಕಣಮ್ಮ, ಬಂದು ಕಾಲಿಗ್ ಬಿದ್ದ, ಬೈದು ಎಬ್ಬಿಸ್ದೆ" ಅಂದರು. ಉಪ್ಪಿಟ್ಟು ಮಾಡಿ ಬಡಿಸಿದರು. ನಿನ್ನ ಫೋಟೋದ ಪಕ್ಕ ನಿನ್ನ ಫೋನು ಚಾರ್ಜಿಗೆ ಹಾಕಿತ್ತು, ಅದರ ಹಣೆಯ ಮೇಲೂ ಒಂದು ಕುಂಕುಮದ ಬೊಟ್ಟು. ಹೊಸದಾಗಿ ಮಾಡಿದ್ದನ್ನೆಲ್ಲ ವಿವರಿಸಿ, ಇನ್ನು ನಿಮಗೆ ಈ ತೊಂದರೆ ಬೇಡ ಅಮ್ಮ, ನೀವು ಹೂಂ ಅಂದರೆ ತೆಗೆದುಬಿಡುತ್ತೇನೆ, ಬೇಡ ಅಂದರೆ ಇರಲಿ ಎಂದೆ. ಅಮ್ಮ ತಟ್ಟೆಗೆ ಇನ್ನೊಂದು ಸೌಟು ಹಾಕಿದರು. ಆಮೇಲೆ "ಅದ್ರಲ್ಲಿ ಏನಂತ ಬರ್ದಿದೀರಾ?" ಎಂದು ಕೇಳಿದರು.

"ವನಜಾ ಅಂತ ಅಮ್ಮ" ಅಂದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ಅವ್ಳ ಎಸ್ರು ತೆಗ್ದಾಕು" ಅಂದರು. "ಅವ್ಳಿಗೆ ಬರಕ್ಕಾಗಲ್ಲ. ಬರಕ್ಕಾಗ್ದೋಳ್ನ ಇಂಗೆ ದಿನಾ ಕರ್ದು ಕರ್ದು ಯಾಕಮ್ಮ ಸಂಕ್ಟ ಕೊಡೋದು? ಅದ್ಕೂ ನೆಮ್ದಿ ಬ್ಯಾಡ್ವಾ?" ಆಯ್ತಮ್ಮ ಎಂದು ತಲೆ ತಗ್ಗಿಸಿದೆ, ಕಣ್ಣೀರು ತಟ್ಟೆಗೇ ಬಿತ್ತು. ಅವರೇ ನನ್ನ ಬೆನ್ನು ಸವರಿ "ಅಳ್ಬ್ಯಾಡ. ನಂಬರ್ ಅಂಗೇ ಇರ್ಲಿ. ನನ್ನ್ ಎಸ್ರು ಆಕು. ನಾನಿದೀನಲ್ಲ, ನಾನ್ ನೋಡ್ಕೋತೀನಿ" ಅಂದರು. ಇಷ್ಟು ದಿನ ನಾನು ತೆಗೆಯಲೋ ಬಿಡಲೋ ಎಂದು ಒದ್ದಾಡುತ್ತಿದ್ದೆ, ಮೂರನೆಯದೊಂದು ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಇವತ್ತು ಬೆಳಗ್ಗೆ ಆಫೀಸಿಗೆ ನಾನೇ ಮೊದಲು ಬಂದೆ, ನಂಬುತ್ತೀಯಾ? ಕೆಳಗಿನ ಪ್ರೆಸ್ಸು ಇನ್ನೂ ಶುರುವಾಗಿರಲಿಲ್ಲ. ಯಾವ ಮೆಸೇಜೂ ಹೋಗುತ್ತಿಲ್ಲ ಎಂದು ನೋಡಿ, ಮತ್ತೆ ನೋಡಿ, ನಿನ್ನ ಹೆಸರಿನ ಸಾಲನ್ನು ತೆಗೆದೆ. ತೆಗೆದು ಹಾಗೇ ಕುರ್ಚಿಗೆ ಒರಗಿ ಕೂತೆ. ಏನೂ ಆಗಲಿಲ್ಲ, ಪಟ್ಟಿ ಒಂದು ಸಾಲು ಗಿಡ್ಡವಾಯಿತು ಅಷ್ಟೇ. ಅದಕ್ಕೇ ನನಗೆ ತಡೆಯಲಾಗದಷ್ಟು ಅಳು ಬಂತು ಕಣೇ. ಆಮೇಲೆ ಮುಖ ತೊಳೆದುಕೊಂಡು ಬಂದು ಹೊಸ ಸಾಲು ತೆರೆದೆ. ಹೆಸರು, ಸಿದ್ದಗಂಗಮ್ಮ. ನಂಬರು, ನಿನ್ನದೇ. ಅದರ ಮುಂದೆ ಹುದ್ದೆ ಎಂದು ಒಂದು ಚೌಕ. ಅದನ್ನು ಖಾಲಿ ಬಿಟ್ಟರೆ ನಿನ್ನ ಪ್ರೋಗ್ರಾಮು ಕೆಂಪಗಾಗುತ್ತದೆ, ಒಳಗೆ ಸೇರಿಸುವುದಿಲ್ಲ. ಒಂದು ಗೆರೆ ಎಳೆದು ನೋಡಿದೆ, ಒಪ್ಪಲಿಲ್ಲ. ಟೈಲರ್ ಎಂದು ಹಾಕಲೇ? ಔಷಧಿ ಫ್ಯಾಕ್ಟರಿಯ ಪಟ್ಟಿಯಲ್ಲಿ ಅದೇನು ಚೆನ್ನ? ಕೊನೆಗೆ ಅಮ್ಮನಿಗೇ ಫೋನು ಮಾಡಿದೆ. ಗಾರ್ಮೆಂಟ್ಸಿನಲ್ಲಿ ಟೀ ಹೊತ್ತು, ಹಿಂದೆ ಹೆಂಗಸರ ಗಲಾಟೆ. "ನೀವು ಯಾರು ಅಂತ ಬರೀಬೇಕಂತೆ ಅಮ್ಮ, ಏನಂತ ಹಾಕ್ಲಿ?" ಎಂದು ಕೂಗಿ ಕೇಳಿದೆ.

"ವನಜನ್ ತಾಯಿ ಅಂತ ಆಕಮ್ಮ" ಅಂದರು.

ಹಾಗೇ ಹಾಕಿದೆ ಕಣೇ. ಒಪ್ಪಿಕೊಂಡಿತು.

ನಿನ್ನ,
ರೇಣು